ಬಾಟ್ ಮಿಟ್ಸ್‌ವಾಕ್ಕೆ ಕೈಯಾರೆ ಮಾಡಿದ ಕಾರ್ಡು: ಐದು ಬಗೆ, ಯಾವುದು ಯಾರಿಗೆ?

ಮೊದಲು ಮಗುವಿನ ಪರಾಶಾ, ಅಂದರೆ ಅದರ ಪಾಲಿಗೆ ಬಂದ ತೋರಾದ ಭಾಗ, ಯಾವುದೆಂದು ಕೇಳಿಕೊಳ್ಳಿ. ಕಾಗದ, ಕತ್ತರಿ, ಅಂಟಿನ ಮಾತು ಆಮೇಲೆ.

ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದ ಮನೆಗಳಿಗೆ, ಅದರಲ್ಲೂ ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆಯವರಿಗೆ, ಮಗು ಏಳನೇ ತರಗತಿಗೆ ಬಂದ ವರ್ಷ ಈ ಆಹ್ವಾನಗಳು ಬರತೊಡಗುತ್ತವೆ. ಯಹೂದಿ ಸಹಪಾಠಿಯ ಬಾರ್ ಮಿಟ್ಸ್‌ವಾ, ಗೆಳತಿಯ ಬಾಟ್ ಮಿಟ್ಸ್‌ವಾ. ಅರಾಮಿಕ್ ಭಾಷೆಯಲ್ಲಿ ‘ಬಾರ್’ ಎಂದರೆ ಮಗ, ಹೀಬ್ರೂವಿನಲ್ಲಿ ‘ಬಾಟ್’ ಎಂದರೆ ಮಗಳು, ‘ಮಿಟ್ಸ್‌ವಾ’ ಎಂದರೆ ಧರ್ಮದ ಕಟ್ಟಳೆ. ಆ ಕಟ್ಟಳೆಗಳ ಹೊಣೆ ಇನ್ನು ಮುಂದೆ ಅಪ್ಪ ಅಮ್ಮನದಲ್ಲ, ಮಗುವಿನದೇ ಎಂದು ಸಮುದಾಯ ಒಪ್ಪಿಕೊಳ್ಳುವ ದಿನ ಅದು. ನಮ್ಮವರು ಇದನ್ನು ‘ಅವರ ಮುಂಜಿ’ ಎಂದು ಒಂದೇ ಮಾತಿನಲ್ಲಿ ತಿಳಿಸಿಬಿಡುತ್ತಾರೆ. ಹೋಲಿಕೆ ಸ್ವಲ್ಪ ದೂರ ಸಲ್ಲುತ್ತದೆ. ಆದರೆ ಮುಂಜಿಯಲ್ಲಿ ವಟು ಉಪದೇಶ ಪಡೆಯುತ್ತಾನೆ. ಇಲ್ಲಿ ಮಗು ಸಭೆಯ ಮುಂದೆ ನಿಂತು ತಾನೇ ಓದುತ್ತದೆ, ಓದಿದ್ದರ ಅರ್ಥದ ಬಗ್ಗೆ ತಾನೇ ಮಾತಾಡುತ್ತದೆ. ಕಾರ್ಡು ಮಾಡುವವರು ಹಿಡಿಯಬೇಕಾದದ್ದು ಈ ವ್ಯತ್ಯಾಸವನ್ನು.

ತೋರಾ ಎಂದರೆ ಮೋಶೆಯ ಐದು ಗ್ರಂಥಗಳು. ಅವನ್ನು 54 ಭಾಗ ಮಾಡಿಕೊಂಡು ವಾರಕ್ಕೊಂದರಂತೆ, ಕೆಲವು ವಾರ ಎರಡನ್ನು ಜೋಡಿಸಿ, ವರ್ಷಕ್ಕೊಮ್ಮೆ ಓದಿ ಮುಗಿಸುತ್ತಾರೆ. ಆ ಭಾಗವೇ ಪರಾಶಾ. ಸಮಾರಂಭ ಬಿದ್ದ ವಾರಕ್ಕೆ ಯಾವುದು ಬರುತ್ತದೆಯೋ ಅದು ಆ ಮಗುವಿನ ಪಾಲು. ತೋರಾ ಬರೆದ ಸುರುಳಿಯಲ್ಲಿ ಸ್ವರಚಿಹ್ನೆಗಳಿರುವುದಿಲ್ಲ, ರಾಗದ ಗುರುತುಗಳೂ ಇರುವುದಿಲ್ಲ. ಕನ್ನಡದ ಪುಟವೊಂದರಿಂದ ಕಾಗುಣಿತವನ್ನೆಲ್ಲ ಅಳಿಸಿಹಾಕಿದ್ದಾರೆ ಎಂದುಕೊಳ್ಳಿ: ‘ಮಾರಿ’, ‘ಮೂರು’, ‘ಮೇರೆ’ ಎಲ್ಲವೂ ‘ಮರ’ ಎಂದೇ ಕಾಣುತ್ತವೆ. ಅಂಥ ಪುಟವನ್ನು ತಪ್ಪಿಲ್ಲದೆ, ರಾಗಬದ್ಧವಾಗಿ, ಬಂಧುಮಿತ್ರರೆಲ್ಲರ ಎದುರು ಓದಬೇಕು. ಅದಕ್ಕಾಗಿ ಮಕ್ಕಳು ತಿಂಗಳುಗಟ್ಟಲೆ, ಎಷ್ಟೋ ಮಂದಿ ವರ್ಷವಿಡೀ ಅಭ್ಯಾಸ ಮಾಡುತ್ತಾರೆ. ಅಂಗಡಿಯ ಕಾರ್ಡಿನಲ್ಲಿ ನಕ್ಷತ್ರವಿರುತ್ತದೆ, ಶುಭಾಶಯವಿರುತ್ತದೆ. ಆ ಮಗು ವರ್ಷವಿಡೀ ಯಾವ ಪುಟದೊಂದಿಗೆ ಕಳೆಯಿತು ಎಂಬುದು ಇರುವುದಿಲ್ಲ. ಅದನ್ನು ತುಂಬುವುದಕ್ಕೇ ನಾವು ಕೈಯಾರೆ ಮಾಡುವುದು.

ಪರಾಶಾ ಗೊತ್ತಾದ ಕೂಡಲೇ ಚಿತ್ರ ತಾನಾಗಿ ಕಾಣಿಸತೊಡಗುತ್ತದೆ. ಅಕ್ಟೋಬರ್, ನವೆಂಬರಿನ ಹೊತ್ತಿಗೆ ಬರುವ ‘ನೋಆಖ್’ (ಪ್ರಳಯದಿಂದ ಪಾರಾದ ನೋವಾನ ಕಥೆ) ಭಾಗಕ್ಕೆ ನಾವೆ, ಆಲಿವ್ ಎಲೆ ಕಚ್ಚಿಕೊಂಡ ಪಾರಿವಾಳ, ಕಾಮನಬಿಲ್ಲು. ‘ವಯೇತ್ಸೇ’ ಭಾಗದಲ್ಲಿ ಯಾಕೋಬ ಕನಸಿನಲ್ಲಿ ಕಂಡ, ಆಕಾಶ ಮುಟ್ಟುವ ಏಣಿ. ಚಳಿಗಾಲದ ‘ಬೆಶಲಾಖ್’ನಲ್ಲಿ ಇಬ್ಭಾಗವಾದ ಸಮುದ್ರ. ‘ತೆತ್ಸಾವೆ’ಯಲ್ಲಿ ಮಹಾಯಾಜಕನ ಅಂಗಿಯ ಅಂಚಿಗೆ ಒಂದು ಬಂಗಾರದ ಗಂಟೆ, ಒಂದು ದಾಳಿಂಬೆ, ಮತ್ತೆ ಗಂಟೆ, ಮತ್ತೆ ದಾಳಿಂಬೆ, ಅಂಚು ಚಿತ್ರಿಸಲು ಇದಕ್ಕಿಂತ ಒಳ್ಳೆಯ ವರ್ಣನೆ ನನಗೆ ಸಿಕ್ಕಿಲ್ಲ. ಜೂನ್ ಸುಮಾರಿನ ‘ಶೆಲಖ್’ನಲ್ಲಿ ಇಬ್ಬರು ಹೆಗಲ ಮೇಲೆ ಕೋಲಿಟ್ಟು ಹೊತ್ತು ತಂದ ದ್ರಾಕ್ಷಿಯ ಗೊಂಚಲು.

ಎಲ್ಲರಿಗೂ ಹೀಗೆ ಚಿತ್ರವತ್ತಾದ ಭಾಗ ದಕ್ಕುವುದಿಲ್ಲ. ವಸಂತದಲ್ಲಿ ಬರುವ ‘ತಜ್ರಿಯಾ’, ‘ಮೆತ್ಸೋರಾ’ ಭಾಗಗಳ ತುಂಬ ಚರ್ಮದ ಬಾಧೆಗಳು, ಶುದ್ಧಿಯ ನಿಯಮಗಳು. ಅಂಥ ವಾರ ಬಿದ್ದ ಮಕ್ಕಳು ಅದರಿಂದ ಏನಾದರೊಂದು ಅರ್ಥ ಕಡೆದು ತೆಗೆಯಲು ಹೆಚ್ಚು ಶ್ರಮಪಡುತ್ತಾರೆ. ಕಾಯಿಲೆಯಾದವರನ್ನು ದೂರವಿಡುವುದರ ಬಗ್ಗೆ, ಮತ್ತೆ ಒಳಗೆ ಕರೆದುಕೊಳ್ಳುವುದರ ಬಗ್ಗೆ ಮಾತಾಡುತ್ತಾರೆ. ಆಗ ಪರಾಶಾದ ಚಿತ್ರ ಬಿಟ್ಟು ಹೆಸರಿನ ಕಾರ್ಡು ಮಾಡುವುದು ಮೇಲು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಕತ್ತರಿಸಿದ ಕಾಗದದ ಕಾರ್ಡು

ಐದರಲ್ಲಿ ನನ್ನ ಮನಸ್ಸು ವಾಲುವುದು ಇದರ ಕಡೆಗೆ. ಕಾರಣ, ಇದು ಯಹೂದಿಗಳ ಮನೆಯೊಳಗಿನದೇ ಹಳೆಯ ಕಲೆ. 19ನೇ ಶತಮಾನದ ಪೋಲೆಂಡ್, ಲಿಥುವೇನಿಯ, ಉಕ್ರೇನ್ ಕಡೆಯ ಮನೆಗಳಲ್ಲಿ ಜೆರುಸಲೇಮಿನ ದಿಕ್ಕು ತಿಳಿಯಲೆಂದು ಪೂರ್ವದ ಗೋಡೆಗೆ ಕತ್ತರಿಸಿದ ಕಾಗದದ ‘ಮಿಜ್ರಾಖ್’ ತೂಗುಹಾಕುತ್ತಿದ್ದರು. ಶಾವುಓತ್ ಹಬ್ಬ ಬಂದಾಗ ಕಿಟಕಿಗಳಿಗೆ ಕಾಗದದ ಹೂಚಕ್ರಗಳನ್ನು ಅಂಟಿಸುತ್ತಿದ್ದರು. ಮಾಡುತ್ತಿದ್ದವರು ಬಹುಪಾಲು ಗಂಡಸರು ಮತ್ತು ಪಾಠಶಾಲೆಯ ಹುಡುಗರು. ಇನ್ನೂ ಹಿಂದಕ್ಕೆ ಹೋದರೆ, 1345ರಲ್ಲಿ ಸ್ಪೇನಿನ ರಬ್ಬಿ (ಯಹೂದಿ ಧರ್ಮಗುರು) ಶೆಮ್ ಟೋವ್ ಚಳಿಗೆ ಶಾಯಿ ಹೆಪ್ಪುಗಟ್ಟಿದಾಗ ಅಕ್ಷರಗಳನ್ನು ಕಾಗದದಲ್ಲಿ ಕತ್ತರಿಸಿ ತೆಗೆದ ಕಥೆಯಿದೆ. ಅಜ್ಜ ಅಜ್ಜಿ ಇರುವ ಮನೆಗೆ ಈ ಕಾರ್ಡು ಕೊಟ್ಟಾಗ ಮೊದಲು ಕೈಗೆತ್ತಿಕೊಂಡು ನೋಡುವವರು ಅವರೇ.

ಮಾಡುವ ಕ್ರಮ ಕಷ್ಟದ್ದಲ್ಲ, ತಾಳ್ಮೆಯದು. 120ರಿಂದ 160 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ ಗಾಢ ನೀಲಿ ಅಥವಾ ದಾಳಿಂಬೆ ಕೆಂಪಿನ ಕಾಗದ ತೆಗೆದುಕೊಳ್ಳಿ. ಅದಕ್ಕಿಂತ ತೆಳುವಾದರೆ ಹರಿಯುತ್ತದೆ, ದಪ್ಪವಾದರೆ ಎರಡು ಪದರ ಒಟ್ಟಿಗೆ ಕತ್ತರಿಸುವಾಗ ಬೆರಳು ಸೋಲುತ್ತದೆ. ಉದ್ದಕ್ಕೆ ಮಡಚಿ, ಮಡಿಕೆಗೆ ತಾಗಿಕೊಂಡಂತೆ ಅರ್ಧ ಚಿತ್ರ ಬರೆಯಿರಿ: ಜೀವವೃಕ್ಷದ ಅರ್ಧ ಕಾಂಡ, ಒಂದು ಕಡೆಯ ಕೊಂಬೆ, ಒಂದು ಹಕ್ಕಿ. ಒಳಗಿನ ಸಣ್ಣ ಕಿಂಡಿಗಳನ್ನು ಮೊದಲು, ಹೊರಗೆರೆಯನ್ನು ಕೊನೆಗೆ ಕತ್ತರಿಸಿ. ಹೊರಗೆರೆ ಮೊದಲು ಬಿಡಿಸಿಕೊಂಡರೆ ಹಿಡಿಯಲು ಜಾಗವಿರುವುದಿಲ್ಲ. ಬಿಡಿಸಿದಾಗ ಎರಡು ಹಕ್ಕಿಗಳು ಮರದ ಎರಡೂ ಕಡೆ ಎದುರುಬದುರಾಗಿ ಕುಳಿತಿರುತ್ತವೆ. ಕೆನೆಬಣ್ಣದ, 250ರಿಂದ 300 ಜಿಎಸ್ಎಂನ ಗಟ್ಟಿ ಕಾಗದದ ಮೇಲೆ ಅಂಟಿಸಿ. ಅಂಟನ್ನು ಹಲ್ಲುಕಡ್ಡಿಯ ತುದಿಯಿಂದ ಚುಕ್ಕೆ ಚುಕ್ಕೆಯಾಗಿ ಇಡಬೇಕು. ಕುಂಚದಿಂದ ಬಳಿದರೆ ಕಾಗದ ನೀರು ಕುಡಿದು ಸುಕ್ಕಾಗುತ್ತದೆ. ಎರಡು ಪುಸ್ತಕಗಳ ನಡುವೆ ಒಂದು ರಾತ್ರಿ ಇಟ್ಟುಬಿಡಿ.

ಮಡಚಿ ಕತ್ತರಿಸಿದ್ದು ಎಡಬಲ ಒಂದೇ ಆಗುತ್ತದೆ. ಚಿತ್ರಕ್ಕೆ ಅದು ಚಂದ, ಅಕ್ಷರಕ್ಕೆ ಅನಾಹುತ. ಒಂದು ಬದಿಯಲ್ಲಿ ಸರಿಯಾದ ಹೀಬ್ರೂ, ಇನ್ನೊಂದು ಬದಿಯಲ್ಲಿ ಕನ್ನಡಿಯ ಹೀಬ್ರೂ ಬಂದು ಕೂರುತ್ತದೆ. ಅಕ್ಷರ ಬೇಕಿದ್ದರೆ ಕಾಗದ ಬಿಡಿಸಿದ ಮೇಲೆ ಒಂಟಿ ಪದರದಲ್ಲಿ ಕತ್ತರಿಸಿ.

ನನ್ನ ಕೈಗೆ ಇದು ಐದಾರು ಗಂಟೆಯ ಕೆಲಸ, ಎರಡು ಸಂಜೆಗೆ ಹಂಚಿಕೊಂಡರೆ ಹಿತ. ಒಂದು ಮಧ್ಯಾಹ್ನವಷ್ಟೇ ಉಳಿದಿದ್ದರೆ ಇದಕ್ಕೆ ಕೈಹಾಕಬೇಡಿ. ಮನೆಯಲ್ಲಿ ಕತ್ತರಿಸುವ ಯಂತ್ರವಿದ್ದರೆ ಕೆಲಸ ಹತ್ತು ನಿಮಿಷಕ್ಕೆ ಇಳಿಯುತ್ತದೆ, ಅಂಚೂ ನುಣುಪಾಗಿರುತ್ತದೆ. ಆದರೂ ಬ್ಲೇಡು ತುಸು ಅಲುಗಿದ ಗೆರೆಯಲ್ಲಿ ಒಂದು ಜೀವವಿದೆ. ಒಂದೇ ಒಂದು ಕಾರ್ಡಿಗಾಗಿಯಾದರೆ ನಾನು ಯಂತ್ರ ತೆರೆಯುವುದಿಲ್ಲ.

ಎದ್ದು ನಿಲ್ಲುವ ಕಾರ್ಡು

ತೆರೆದೊಡನೆ ಒಳಗಿನ ಚಿತ್ರ ಎದ್ದು ನಿಲ್ಲುವ ಈ ಬಗೆಯನ್ನು ಮಕ್ಕಳು ತುಂಬ ಮೆಚ್ಚುತ್ತಾರೆ. ಮಡಿಕೆಯ ಮೇಲೆ ಅಡ್ಡಲಾಗಿ ಎರಡು ಸಮಾನಾಂತರ ಸೀಳು ಹಾಕಿ, ನಡುವಿನ ಪಟ್ಟಿಯನ್ನು ಒಳಕ್ಕೆ ತಳ್ಳಿದರೆ ಒಂದು ಮೆಟ್ಟಿಲಾಯಿತು. ಚಿಕ್ಕದರಿಂದ ದೊಡ್ಡದಕ್ಕೆ ನಾಲ್ಕು ಸೀಳು ಜೋಡಿ ಹಾಕಿದರೆ ಯಾಕೋಬನ ಏಣಿ. ಆದರೆ ಈ ಬಗೆಗೆ ಹೇಳಿ ಮಾಡಿಸಿದಂತಿರುವುದು ‘ಬೆಶಲಾಖ್’. ಕಾರ್ಡಿನ ಮಡಿಕೆಯೇ ಸಮುದ್ರದ ನಡುವಿನ ದಾರಿ, ಎಡಕ್ಕೊಂದು ಬಲಕ್ಕೊಂದು ನೀಲಿಯ ಅಲೆಗೋಡೆ. ತೆರೆಯುವ ಕೈಯೇ ಸಮುದ್ರವನ್ನು ಇಬ್ಭಾಗ ಮಾಡುತ್ತದೆ. ತೆರೆದು ಮುಚ್ಚಿ, ಮತ್ತೆ ತೆರೆದು ನೋಡದ ಮಗುವನ್ನು ನಾನು ಕಂಡಿಲ್ಲ.

ತಳಕ್ಕೆ 250 ಜಿಎಸ್ಎಂ, ಏಳುವ ಭಾಗಕ್ಕೆ 200 ಸಾಕು. ಮಡಚುವ ಮೊದಲು ಶಾಯಿ ಮುಗಿದ ಬಾಲ್ ಪೆನ್ನಿನಿಂದ ಅಡಿಪಟ್ಟಿ ಇಟ್ಟು ಗೀರು ಎಳೆಯಿರಿ, ಇಲ್ಲವಾದರೆ ಮಡಿಕೆ ಬಿರುಕುಬಿಡುತ್ತದೆ. ಏಳುವ ಭಾಗ ಮಡಿಕೆಯಿಂದ ಹೊರಕ್ಕೆ ಚಾಚುವ ಅಳತೆ ಕಾರ್ಡಿನ ಒಂದು ಮಗ್ಗುಲಿನ ಅಗಲಕ್ಕಿಂತ ಕಡಿಮೆಯಿರಬೇಕು, ಅದು ಮೀರಿದರೆ ಮುಚ್ಚಿದಾಗ ತುದಿ ಹೊರಗೆ ಇಣುಕುತ್ತದೆ. ಒರಟು ಕಾಗದದಲ್ಲಿ ಒಮ್ಮೆ ಮಾಡಿ ನೋಡದೆ ಒಳ್ಳೆಯ ಕಾಗದಕ್ಕೆ ಕತ್ತರಿ ಇಡಬೇಡಿ.

ಇದರ ದೋಷ ಅಂಚೆಯಲ್ಲಿ. ಅಮೆರಿಕದ ಅಂಚೆಯಲ್ಲಿ ಕಾಲು ಇಂಚಿಗಿಂತ ದಪ್ಪವಾದದ್ದು ಪತ್ರವೆನಿಸಿಕೊಳ್ಳುವುದಿಲ್ಲ. ಉಬ್ಬುತಗ್ಗಿನ ಲಕೋಟೆಗೆ, ಚೌಕಾಕಾರದ ಲಕೋಟೆಗೆ ಹೆಚ್ಚಿನ ದರ ಬೀಳುತ್ತದೆ. ಕೈಯಲ್ಲಿ ಕೊಡುವುದಾದರೆ ಈ ಚಿಂತೆಯೇ ಇಲ್ಲ. ದೂರದ ಊರಿಗೆ ಕಳುಹಿಸಬೇಕಿದ್ದರೆ 5 ಇಂಚು ಅಗಲ 7 ಇಂಚು ಉದ್ದದ ಚಪ್ಪಟೆ ಕಾರ್ಡು ಸುರಕ್ಷಿತ. ಅದಕ್ಕೆ ತಕ್ಕ ಲಕೋಟೆ ಎಲ್ಲ ಕಡೆ ಸಿಗುತ್ತದೆ.

ಹೆಸರನ್ನೇ ಚಿತ್ರವಾಗಿಸಿದ ಕಾರ್ಡು

ತೋರಾ ಓದಲು ಮಗುವನ್ನು ಕರೆಯುವುದು ಅದರ ಹೀಬ್ರೂ ಹೆಸರಿನಿಂದ: ಇಂಥವರ ಮಗ ಇಂಥವನು, ಇಂಥವರ ಮಗಳು ಇಂಥವಳು ಎಂದು. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿರಬಹುದು. ಈ ಹೆಸರನ್ನು ತಂದೆತಾಯಿಯಿಂದ ಕೇಳಿ, ಅವರ ಕೈಯಲ್ಲೇ ಬರೆಸಿಕೊಂಡು, ಅದರ ಚಿತ್ರ ತರಿಸಿಕೊಳ್ಳಿ. ಊಹಿಸಿ ಬರೆಯಬೇಡಿ, ಅನುವಾದದ ಯಂತ್ರವನ್ನೂ ನಂಬಬೇಡಿ.

ಹೀಬ್ರೂ ಬಲದಿಂದ ಎಡಕ್ಕೆ ಸಾಗುತ್ತದೆ. ಲಿಪಿಕಾರರು ಗೆರೆ ಎಳೆದುಕೊಂಡು ಅದರ ಮೇಲೆ ಅಕ್ಷರಗಳನ್ನು ಕೂರಿಸುವುದಿಲ್ಲ, ಗೆರೆಯಿಂದ ಕೆಳಕ್ಕೆ ತೂಗಿಬಿಡುತ್ತಾರೆ. ಅಡ್ಡಗೆರೆ ದಪ್ಪ, ಉದ್ದಗೆರೆ ತೆಳು. ತಲೆಕಟ್ಟು ಕಟ್ಟಿ ರೂಢಿಯಾದ ಕನ್ನಡದ ಕೈಗೆ ಇದು ಬೇಗ ಒಗ್ಗುತ್ತದೆ ಎಂಬುದು ನನ್ನ ಅನುಭವ. ಮೂರೂವರೆ ಅಥವಾ ಐದು ಮಿಲಿಮೀಟರ್ ಅಗಲದ ಚಪ್ಪಟೆ ಮೊನೆಯ ಪೆನ್ನು ಸಾಕು.

ಅಪಾಯವಿರುವುದು ಜೋಡಿ ಅಕ್ಷರಗಳಲ್ಲಿ. ‘ಹೇ’ ಮತ್ತು ‘ಖೇತ್’ ನಡುವಿನ ಅಂತರವೆಂದರೆ ಎಡಗಾಲಿನ ಮೇಲಿನ ಒಂದು ಕೂದಲೆಳೆಯ ಬಿಡುವು: ‘ಹೇ’ಯಲ್ಲಿ ಎಡಗಾಲು ಮೇಲಿನ ಗೆರೆಗೆ ಮುಟ್ಟುವುದಿಲ್ಲ, ‘ಖೇತ್’ನಲ್ಲಿ ಮುಟ್ಟುತ್ತದೆ. ಹನ್ನಾ ಎಂಬ ಹೆಸರನ್ನೇ ನೋಡಿ, ಹೀಬ್ರೂವಿನಲ್ಲಿ ಮೂರೇ ಅಕ್ಷರ. ಮೊದಲನೆಯದು ‘ಖೇತ್’, ಕೊನೆಯದು ‘ಹೇ’. ಶಾಯಿ ತುಸು ಹರಡಿದರೆ ಹುಡುಗಿಯ ಹೆಸರೇ ಕೆಟ್ಟಿತು. ‘ದಾಲೆತ್’ ಮತ್ತು ‘ರೇಶ್’, ‘ಬೇತ್’ ಮತ್ತು ‘ಕಾಫ್’ ಕೂಡ ಹೀಗೆಯೇ ಕಾಡುತ್ತವೆ. ನಮ್ಮ ‘ಪ’ ಮತ್ತು ‘ಷ’ ಅಕ್ಷರಗಳನ್ನು ಹೊಸದಾಗಿ ಕಲಿಯುವವರು ಬೆರೆಸುವ ಹಾಗೆ.

ಕಂಪ್ಯೂಟರಿನಿಂದ ಅಚ್ಚು ಹಾಕಿದರೆ ಈ ತಾಪತ್ರಯವಿಲ್ಲ ಎಂದು ನಾನೂ ನಂಬಿದ್ದೆ. ಬಲದಿಂದ ಎಡಕ್ಕೆ ಬರೆಯುವ ಲಿಪಿಯನ್ನು ಅರಿಯದ ತಂತ್ರಾಂಶ ‘ಮಾಝಲ್ ಟೋವ್’ (ಅಭಿನಂದನೆ) ಎಂಬ ಎರಡು ಪದಗಳ ಆರು ಅಕ್ಷರಗಳನ್ನು ಹಿಂದುಮುಂದಾಗಿ ಜೋಡಿಸಿತ್ತು. ನನ್ನ ಕಣ್ಣಿಗೆ ಅದು ಸುಂದರವಾಗಿಯೇ ಕಂಡಿತು. ಪಕ್ಕದ ಮನೆಯ ಹಿರಿಯರೊಬ್ಬರು ನೋಡಿ, ಬೆರಳಿಟ್ಟು ಒಂದೊಂದೇ ಅಕ್ಷರ ತೋರಿಸಿ ತಿದ್ದಿದರು. ಅವತ್ತಿನಿಂದ ಹೀಬ್ರೂ ಬಲ್ಲ ಒಬ್ಬರಿಗೆ ತೋರಿಸದೆ ಯಾವ ಕಾರ್ಡನ್ನೂ ಲಕೋಟೆಗೆ ಹಾಕಿಲ್ಲ. ನೀವೇ ಪರೀಕ್ಷಿಸುವುದಾದರೆ, ಬಲತುದಿಯ ಮೊದಲ ಅಕ್ಷರ ‘ಮೇಮ್’ ಇರಬೇಕು, ಎಡತುದಿಯ ಕೊನೆಯದು ‘ಬೇತ್’.

ಈ ಬಗೆಯಲ್ಲಿ ಕನ್ನಡದವರು ಮಾತ್ರ ಮಾಡಬಲ್ಲ ಒಂದು ಕಾರ್ಡಿದೆ. ಬಲ ಅಂಚಿನಿಂದ ಹೀಬ್ರೂವಿನಲ್ಲಿ ಹೆಸರು ಹೊರಡಲಿ, ಎಡ ಅಂಚಿನಿಂದ ಕನ್ನಡದಲ್ಲಿ ಅದೇ ಹೆಸರು ಹೊರಡಲಿ. ಎರಡೂ ನಡುವೆ ಒಂದು ದಾಳಿಂಬೆಯ ಬಳಿ ಸೇರಲಿ. ದಾಳಿಂಬೆಯೇ ಏಕೆಂದರೆ, ಅದರಲ್ಲಿ 613 ಬೀಜಗಳಿವೆ, ತೋರಾದ ಕಟ್ಟಳೆಗಳೂ 613 ಎಂಬ ನಂಬಿಕೆ ಅವರಲ್ಲಿದೆ. ಮಗಳ ಗೆಳತಿಗೆ ಇಂಥದೊಂದು ಕೊಟ್ಟಿದ್ದೆ. ತನ್ನ ಹೆಸರಿನ ಕನ್ನಡ ಅಕ್ಷರಗಳ ಮೇಲೆ ಬೆರಳಾಡಿಸಿ, ಇದರಲ್ಲಿ ಸ್ವರ ಎಲ್ಲಿದೆ ಎಂದು ಕೇಳಿದಳು. ಸ್ವರವಿಲ್ಲದ ಪುಟವನ್ನು ವರ್ಷವಿಡೀ ಓದಿದ ಮಗು ಕೇಳಬೇಕಾದ ಪ್ರಶ್ನೆಯೇ ಅದು. ಮಗಳು ಅವಳ ಕೈಹಿಡಿದು ಕೊಂಬು, ಇಳಿ, ಏತ್ವಗಳನ್ನು ತೋರಿಸಿಕೊಟ್ಟಳು.

ಬರೆಯಲು ಒಂದು ಗಂಟೆ ಸಾಕು, ಕೈ ಪಳಗಲು ಮಾತ್ರ ನಾಲ್ಕಾರು ದಿನ ಬೇಕು.

ಟಾಲಿಟ್ ಪಟ್ಟೆಯ ಕಾರ್ಡು, ತಿದಿಯ ಮಡಿಕೆಯ ಕಾರ್ಡು

ಸಮಯ ಕಡಿಮೆಯಿದ್ದಾಗ ಮೊದಲನೆಯದು. ಟಾಲಿಟ್ ಎಂದರೆ ಪ್ರಾರ್ಥನೆಯಲ್ಲಿ ಹೊದೆಯುವ ಶಾಲು: ಬಿಳಿಯ ಮೇಲೆ ನೀಲಿ ಅಥವಾ ಕಪ್ಪು ಪಟ್ಟೆಗಳು, ನಾಲ್ಕು ಮೂಲೆಗೆ ‘ಟ್ಸಿಟ್ಸಿಟ್’ ಎಂಬ ಎಳೆಗಳು. ತರಿತರಿಯಾದ ಬಿಳಿ ಕೈಕಾಗದದ ಮೇಲೆ ಬೇರೆ ಬೇರೆ ಅಗಲದ ನೀಲಿ ಪಟ್ಟಿಗಳನ್ನು ಎರಡೂ ತುದಿಗೆ ಅಂಟಿಸಿದರೆ ಮುಕ್ಕಾಲು ಗಂಟೆಯಲ್ಲಿ ಘನವಾದ ಕಾರ್ಡು ಸಿದ್ಧ. ಸೀರೆಗೆ ಕುಚ್ಚು ಕಟ್ಟಲು ಬಲ್ಲವರಿಗೆ ಮೂಲೆಗಳಲ್ಲಿ ಎಳೆ ಕಟ್ಟುವ ಆಸೆಯಾಗುತ್ತದೆ. ಆ ಎಳೆಗಳ ಗಂಟಿಗೆ, ಸುತ್ತಿಗೆ ಲೆಕ್ಕವಿದೆ, ಅರ್ಥವಿದೆ. ಅಲಂಕಾರಕ್ಕೆಂದು ಅದನ್ನು ಅನುಕರಿಸದೆ ಪಟ್ಟೆಗಳಲ್ಲೇ ನಿಲ್ಲಿಸುವುದು ಸರಿ ಎಂದು ನನಗೆ ಅನಿಸುತ್ತದೆ. ಇನ್ನೊಂದು ಮಾತು: ಸಂಪ್ರದಾಯಸ್ಥ ಮನೆಗಳಲ್ಲಿ ಹೆಣ್ಣುಮಕ್ಕಳು ಟಾಲಿಟ್ ಹೊದೆಯುವುದಿಲ್ಲ. ಅಂಥ ಮನೆಯ ಹುಡುಗಿಗೆ ಈ ಕಾರ್ಡು ಹೊಂದುವುದಿಲ್ಲ.

ತಿದಿಯಂತೆ ಅತ್ತಿತ್ತ ಮಡಚಿದ ಉದ್ದನೆಯ ಕಾರ್ಡು ಒಬ್ಬರದಲ್ಲ, ಗುಂಪಿನದು. ಏಳೆಂಟು ಗೆಳೆಯರು ಒಬ್ಬೊಬ್ಬರು ಒಂದೊಂದು ಮಡಿಕೆಯಲ್ಲಿ ಬರೆದು, ಒಂದೊಂದು ಫೋಟೋ ಅಂಟಿಸಿದರೆ ಪುಟ್ಟ ಪುಸ್ತಕವಾಗುತ್ತದೆ. ಮಡಿಕೆಗಳನ್ನು ಕಾಗದದ ನಾರಿನ ದಿಕ್ಕಿಗೆ ಇಟ್ಟುಕೊಳ್ಳಿ. ಯಾವ ಕಡೆಗೆ ಬಾಗಿಸಿದಾಗ ಕಾಗದ ಸುಲಭವಾಗಿ ಬಳಕುತ್ತದೆಯೋ ಅದೇ ನಾರಿನ ದಿಕ್ಕು. ಮುಖಪುಟದಲ್ಲಿ ಹೀಬ್ರೂ ಇದ್ದರೆ ಬಲದಿಂದ ತೆರೆಯುವಂತೆ ಮಾಡಿ, ಅವರ ಪುಸ್ತಕಗಳು ತೆರೆಯುವುದೇ ಹಾಗೆ. ಒಳಗೆಲ್ಲ ಇಂಗ್ಲಿಷ್ ಬರಹವೇ ಇದ್ದರೆ ಎಡದಿಂದ ತೆರೆಯಲಿ.

ಎರಡು ಕಡ್ಡಿಗೆ ಸುತ್ತಿದ ಸುರುಳಿಯ ಕಾರ್ಡೂ ಒಂದಿದೆ. ತೋರಾದ ಸುರುಳಿಯಿಂದಲೇ ಓದುವ ದಿನ ಅದರ ಆಟಿಕೆಯಂಥದ್ದನ್ನು ಕೈಗಿಡಲು ನನಗೆ ಮನಸ್ಸು ಬಂದಿಲ್ಲ.

ಆರಿಸುವ ಮೊದಲು ಮನೆಯನ್ನು ಅರಿಯಿರಿ

ಮೇಲಿನ ಐದರಲ್ಲಿ ಯಾವುದು ಎಂಬುದನ್ನು ಅರ್ಧ ತೀರ್ಮಾನಿಸುವುದು ಆ ಮನೆಯ ನಡೆ. ಸುಧಾರಣಾವಾದಿ ಮನೆಗಳಲ್ಲಿ ಹುಡುಗಿಯೂ ಹುಡುಗನಂತೆಯೇ ತೋರಾ ಓದುತ್ತಾಳೆ. ಇದು ಅನಾದಿಯಿಂದ ಬಂದದ್ದಲ್ಲ: ಅಮೆರಿಕದಲ್ಲಿ ಸಾರ್ವಜನಿಕವಾಗಿ ನಡೆದ ಮೊದಲ ಬಾಟ್ ಮಿಟ್ಸ್‌ವಾ ಎಂದು ಹೆಸರಾದದ್ದು 1922ರ ಮಾರ್ಚ್ 18ರಂದು ನ್ಯೂಯಾರ್ಕಿನಲ್ಲಿ, ರಬ್ಬಿ ಮೊರ್ಡೆಕಾಯ್ ಕಪ್ಲಾನ್ ಅವರ ಮಗಳು ಜುಡಿತ್‌ಗೆ ಆದದ್ದು. 12 ವರ್ಷದ ಆಕೆ ಅವತ್ತು ಓದಿದ್ದು ಸುರುಳಿಯಿಂದಲ್ಲ, ಮುದ್ರಿತ ಪುಸ್ತಕದಿಂದ. ಇವತ್ತಿಗೂ ಬಹಳಷ್ಟು ಸಂಪ್ರದಾಯಸ್ಥ ಮನೆಗಳಲ್ಲಿ ಹುಡುಗಿ ಸಭೆಯಲ್ಲಿ ತೋರಾ ಓದುವುದಿಲ್ಲ, ಪರಾಶಾದ ಮೇಲೆ ಉಪನ್ಯಾಸ ಕೊಡುತ್ತಾಳೆ. ಆದ್ದರಿಂದ ‘ನಿನ್ನ ಓದು’ ಎಂದು ಬರೆಯುವ ಮೊದಲು ವಿಚಾರಿಸಿ. ದೊಡ್ಡದಾಗಿ ‘13’ ಎಂದು ಕತ್ತರಿಸಿ ಅಂಟಿಸುವ ಮೊದಲೂ ವಿಚಾರಿಸಿ. ಸಂಪ್ರದಾಯಸ್ಥ ಮನೆಯ ಹುಡುಗಿಗೆ ಈ ದಿನ ಬರುವುದು 12ಕ್ಕೆ. ಅವಳಿಗಳಾದರೆ ‘ಬನೇ ಮಿಟ್ಸ್‌ವಾ’, ಇಬ್ಬರೂ ಹುಡುಗಿಯರಾದರೆ ‘ಬನೋತ್ ಮಿಟ್ಸ್‌ವಾ’.

ದೇವರ ಹೆಸರನ್ನು ಹೀಬ್ರೂವಿನಲ್ಲಿ ಕಾರ್ಡಿನ ಮೇಲೆ ಬರೆಯಬೇಡಿ. ಆ ಹೆಸರು ಬರೆದ ಕಾಗದವನ್ನು ಅವರು ಎಸೆಯುವಂತಿಲ್ಲ, ತೆಗೆದಿರಿಸಿ ಭೂಮಿಯಲ್ಲಿ ಹೂಳಬೇಕು. ನಮ್ಮ ಕಾರ್ಡು ಅವರಿಗೆ ಅಂಥ ಹೊಣೆ ತರಬಾರದು. ದೀಪಸ್ತಂಭ ಬರೆಯುವುದಾದರೆ ಕವಲು ಎಣಿಸಿ: ದೇವಾಲಯದ ಮೆನೋರಾಕ್ಕೆ ಏಳು, ಹನುಕ್ಕಾ ಹಬ್ಬದ ದೀಪಕ್ಕೆ ಒಂಬತ್ತು. ಈ ಸಂದರ್ಭಕ್ಕೆ ಬೇಕಿರುವುದು ಏಳು.

ಇನ್ನು ಹೇಳಲೇಬೇಕಾದ ಮಾತು. ನಮ್ಮ ಲಗ್ನಪತ್ರಿಕೆಯ ಮೂಲೆಯಲ್ಲಿ, ಹೊಸ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ, ಹೊಸ್ತಿಲ ರಂಗೋಲಿಯಲ್ಲಿ ಸ್ವಸ್ತಿಕ ಮಂಗಳದ ಗುರುತು. ಯಹೂದಿ ಮನೆಯಲ್ಲಿ ಅದು ನಾಜಿಗಳ ಕೈಯಲ್ಲಿ ಹತ್ಯೆಯಾದ ಅಜ್ಜಂದಿರ, ಮುತ್ತಜ್ಜಿಯರ ನೆನಪು. ನೀವು ಅದನ್ನು ಬರೆಯುವುದಿಲ್ಲವೆಂದು ನನಗೆ ಗೊತ್ತು, ಆದರೆ ಅದು ಹಿಂಬಾಗಿಲಿನಿಂದ ಬರುತ್ತದೆ. ಊರಿನಿಂದ ತಂದ, ಒಂದು ರೂಪಾಯಿ ನಾಣ್ಯ ಅಂಟಿಸಿದ ಉಡುಗೊರೆ ಲಕೋಟೆಯ ಮೂಲೆಯಲ್ಲಿ, ಅಚ್ಚು ಹಾಕಿದ ಕೈಕಾಗದದ ಅಂಚಿನಲ್ಲಿ, ಕತ್ತರಿಸಿ ಅಂಟಿಸಲೆಂದು ಎತ್ತಿಟ್ಟ ಸೀರೆಯಂಚಿನ ಚುಂಗಿನಲ್ಲಿ. ಬೆಳಕಿಗೆ ಹಿಡಿದು ಎರಡು ಸಲ ನೋಡಿ. ಗಣಪತಿಯ ಚಿತ್ರದ ಲಕೋಟೆಯೂ ಬೇಡ, ವಿಗ್ರಹವಿಲ್ಲದ ಧರ್ಮ ಅವರದು. ಆರು ಮೂಲೆಯ ನಕ್ಷತ್ರ ಮಾತ್ರ ಇಬ್ಬರಿಗೂ ಸಲ್ಲುತ್ತದೆ. ಚುಕ್ಕಿ ಇಟ್ಟು ಎರಡು ತ್ರಿಕೋನ ಹೆಣೆಯುವ ಷಟ್ಕೋಣ ನಮ್ಮ ರಂಗೋಲಿಯ ಕೈಗೆ ಹೊಸದಲ್ಲ.

ಲಕೋಟೆಯಲ್ಲಿ ಎಷ್ಟು, ಯಾವಾಗ

ಹಣವಿಡುವ ಪದ್ಧತಿ ಅವರಲ್ಲೂ ಇದೆ. ‘ಖಾಯ್’ ಎಂದರೆ ಹೀಬ್ರೂವಿನಲ್ಲಿ ಜೀವಂತ. ಅದರ ‘ಖೇತ್’ಗೆ 8, ‘ಯೋದ್’ಗೆ 10, ಕೂಡಿದರೆ 18. ಹಾಗಾಗಿ 18ರ ಪಟ್ಟಿನ ಮೊತ್ತ ಕೊಡುವುದು ರೂಢಿ: 36, 54, 72. ನಾವು ಮುಯ್ಯಿಗೆ ಒಂದು ಸೇರಿಸಿ 51, 101 ಎಂದು ಕೊಡುವವರು. ಎರಡೂ ಮನೆಯ ಲೆಕ್ಕ ಒಪ್ಪುವ ಮೊತ್ತ ಬೇಕಿದ್ದವರಿಗೆ 108 ಇದೆ, ಅದು 18ರ ಆರು ಪಟ್ಟು. ಕಾರ್ಡಿನ ಒಳಬದಿಯಲ್ಲಿ ಚೆಕ್ಕಿಗೆ ಒಂದು ಪುಟ್ಟ ಜೇಬು ಅಂಟಿಸಿದರೆ ಬೇರೆ ಲಕೋಟೆ ಬೇಕಾಗುವುದಿಲ್ಲ.

ಸಮಾರಂಭ ಹೆಚ್ಚಾಗಿ ಶನಿವಾರ ಬೆಳಿಗ್ಗೆ, ಅವರ ವಾರದ ವಿಶ್ರಾಂತಿಯ ದಿನವಾದ ಶಬ್ಬಾತ್‌ನಲ್ಲಿ. ಶಬ್ಬಾತ್ ಪಾಲಿಸುವವರು ಆ ದಿನ ಬರೆಯುವುದಿಲ್ಲ, ಕತ್ತರಿಸುವುದಿಲ್ಲ, ಹಣ ಮುಟ್ಟುವುದಿಲ್ಲ, ಲಕೋಟೆ ಹರಿಯುವುದೂ ಇಲ್ಲ. ಸಿನಗಾಗಿನ (ಅವರ ಪ್ರಾರ್ಥನಾಮಂದಿರದ) ಬಾಗಿಲಲ್ಲಿ ಉಡುಗೊರೆ ಚಾಚಿದರೆ ಅವರಿಗೆ ಇಕ್ಕಟ್ಟು. ಸಂಜೆ ಸೂರ್ಯ ಮುಳುಗಿ ಕತ್ತಲಾದ ಮೇಲೆ ಔತಣವಿದ್ದರೆ ಅಲ್ಲಿ ಕೊಡಿ, ಇಲ್ಲವೇ ಭಾನುವಾರ ಮನೆಗೆ ಹೋಗಿ ಕೊಡಿ. ತೋರಾ ಓದುವುದು ಸೋಮವಾರ, ಗುರುವಾರ ಬೆಳಿಗ್ಗೆಯೂ ಉಂಟು. ಕೆಲವರು ಆ ದಿನಗಳನ್ನೇ ಆರಿಸಿಕೊಳ್ಳುತ್ತಾರೆ, ಆಗ ಈ ತೊಡಕಿಲ್ಲ.

ಈ ಶನಿವಾರದ ತಡೆಯೇ ನನಗೆ ಒಂದು ದಾರಿ ಕಲಿಸಿತು. ಹೊರಬದಿಯನ್ನು ವಾರದ ಮುಂಚೆಯೇ ಮುಗಿಸಿಡುತ್ತೇನೆ, ಒಳಬದಿಯನ್ನು ಖಾಲಿ ಬಿಡುತ್ತೇನೆ. ಸಭೆಯಲ್ಲಿ ಕುಳಿತು ಮಗುವಿನ ಮಾತು ಕೇಳುತ್ತೇನೆ. ಒಬ್ಬ ಹುಡುಗ, ನೋವಾ ನಾವೆ ಕಟ್ಟಿದ ಅಷ್ಟು ಕಾಲ ನೆರೆಯವರನ್ನು ಯಾಕೆ ಎಚ್ಚರಿಸಲಿಲ್ಲ ಎಂದು ತುಂಬಿದ ಸಭೆಯ ಮುಂದೆ ಕೇಳಿದ್ದ. ಶುಕ್ರವಾರವೇ ಬರೆದು ಮುಗಿಸಿದ್ದರೆ ನನ್ನ ಕಾರ್ಡಿನಲ್ಲಿ ‘ಅಭಿನಂದನೆಗಳು, ನಿನ್ನ ಭವಿಷ್ಯ ಉಜ್ವಲವಾಗಲಿ’ ಎಂದಿರುತ್ತಿತ್ತು. ಮನೆಗೆ ಬಂದು, ಸಂಜೆಯ ಔತಣಕ್ಕೆ ಹೊರಡುವ ಮೊದಲು, ಕಾಮನಬಿಲ್ಲಿನ ಕೆಳಗೆ ನಾಲ್ಕು ಸಾಲು ಬರೆದೆ: ನಿನ್ನ ಪ್ರಶ್ನೆ ನನ್ನ ಜೊತೆ ಮನೆಗೆ ಬಂದಿದೆ, ನನ್ನ ಬಳಿಯೂ ಉತ್ತರವಿಲ್ಲ, ನಿನಗೆ ಹೊಳೆದ ದಿನ ನನಗೂ ತಿಳಿಸು.